ಸೈನಿಕ, ನವೋದಯ, ಕಿತ್ತೂರು: ವಸತಿ ಶಾಲೆ ಆರಿಸುವುದು ಹೇಗೆ, ಅಲ್ಲಿ ಮಗು ನೆಲೆ ನಿಲ್ಲುವುದು ಹೇಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಮನೆಗಳಲ್ಲಿ ಮಗು ನಾಲ್ಕನೇ ಇಯತ್ತೆ ಮುಗಿಸುತ್ತಿದ್ದಂತೆ ಸೈನಿಕ, ನವೋದಯ, ಕಿತ್ತೂರು, ಮೊರಾರ್ಜಿ ಎಂಬ ಹೆಸರುಗಳು ಒಂದೇ ಉಸಿರಿನಲ್ಲಿ ಬರುತ್ತವೆ. ಅಂಗಡಿಯಲ್ಲಿ ಸಿಗುವ ಗೈಡೂ ಎಲ್ಲಕ್ಕೂ ಸೇರಿ ಒಂದೇ, ಕೋಚಿಂಗ್ ಕ್ಲಾಸಿನ ಬೋರ್ಡೂ ಒಂದೇ. ಹೀಗಾಗಿ ಎಲ್ಲವೂ ಒಂದೇ ಬಗೆಯ ಶಾಲೆ, ಯಾವುದು ಸಿಕ್ಕರೂ ಸರಿ ಎಂದುಕೊಳ್ಳುವವರು ಬಹಳ. ಆದರೆ ಇವುಗಳ ಉದ್ದೇಶ, ಖರ್ಚು, ಮಾಧ್ಯಮ, ದಿನಚರಿ ಒಂದಕ್ಕೊಂದು ಹೋಲುವುದಿಲ್ಲ. ಪರೀಕ್ಷೆ ಪಾಸಾಗಲು ಬೇಕಾದ ತಯಾರಿ ಒಂದು, ಆರರಿಂದ ಹನ್ನೆರಡರವರೆಗೆ ಏಳು ವರ್ಷ ಅಲ್ಲಿ ಬಾಳಲು ಬೇಕಾದ ತಯಾರಿ ಇನ್ನೊಂದು. ಎರಡನೆಯದನ್ನು ಯಾವ ಕೋಚಿಂಗೂ ಕಲಿಸುವುದಿಲ್ಲ, ಮನೆಯಲ್ಲೇ ಕಲಿಸಬೇಕು. ಈ ಲೇಖನದ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ಯಾವ ಶಾಲೆ ಯಾವುದಕ್ಕೆ

ವಿಜಯಪುರದ ಸೈನಿಕ ಶಾಲೆ 1963ರಲ್ಲಿ ಶುರುವಾದದ್ದು. ರಕ್ಷಣಾ ಸಚಿವಾಲಯದ ಅಧೀನದ ಸೈನಿಕ ಶಾಲೆಗಳ ಸೊಸೈಟಿ ಅದನ್ನು ನಡೆಸುತ್ತದೆ. ಮಕ್ಕಳನ್ನು ಎನ್‌ಡಿಎಗೆ, ಅಂದರೆ ಸೇನಾಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ, ಅಣಿಗೊಳಿಸುವುದು ಅದರ ಮೂಲ ಗುರಿ. ಪಿಟಿ, ಡ್ರಿಲ್, ಆಟ, ಪ್ರೆಪ್ (ಎಲ್ಲರೂ ಕೂತು ಓದಿಕೊಳ್ಳುವ ಹೊತ್ತು) ಎಲ್ಲವೂ ಗಂಟೆಯ ಪ್ರಕಾರ ನಡೆಯುತ್ತವೆ. ಆರನೇ ಮತ್ತು ಒಂಬತ್ತನೇ ತರಗತಿಗೆ ಅಖಿಲ ಭಾರತ ಪ್ರವೇಶ ಪರೀಕ್ಷೆಯ ಮೂಲಕ ಸೇರಿಸಿಕೊಳ್ಳುತ್ತಾರೆ. ಶೇ 67ರಷ್ಟು ಸೀಟು ಕರ್ನಾಟಕದ ಮಕ್ಕಳಿಗೆ ಮೀಸಲು. 2021-22ರಿಂದ ಹೆಣ್ಣುಮಕ್ಕಳಿಗೂ ಆರನೇ ತರಗತಿಗೆ ಪ್ರವೇಶವಿದೆ. ಶುಲ್ಕ ವರ್ಷಕ್ಕೆ ಲಕ್ಷ ರೂಪಾಯಿ ಮೀರುತ್ತದೆ. ಪೋಷಕರ ಆದಾಯ ನೋಡಿ ವಿದ್ಯಾರ್ಥಿವೇತನ ಕೊಡುತ್ತಾರೆ, ಆದರೆ ಅದು ಕೈಗೆ ಬರುವಷ್ಟರಲ್ಲಿ ವರ್ಷದ ನಡುಭಾಗ ಆಗಿರಬಹುದು. ಮೊದಲ ಕಂತು ಮತ್ತು ಠೇವಣಿಯ ಹಣವನ್ನು ನೀವೇ ಹೊಂದಿಸಿಟ್ಟುಕೊಳ್ಳಿ.

ಬೆಳಗಾವಿಯ ರಾಷ್ಟ್ರೀಯ ಮಿಲಿಟರಿ ಶಾಲೆ ಬೇರೆ ಸಂಸ್ಥೆ. 1945ರಿಂದ ಇರುವ ಈ ಶಾಲೆಗೆ ಪ್ರವೇಶ ಪರೀಕ್ಷೆಯೂ ಪ್ರತ್ಯೇಕ. ಶೇ 70ರಷ್ಟು ಸೀಟು ಜೆಸಿಒ (ಸುಬೇದಾರ್‌ನಂಥ ಕಿರಿಯ ಅಧಿಕಾರಿಗಳು) ಮತ್ತು ಇತರ ಶ್ರೇಣಿಯ ಸೈನಿಕರ ಮಕ್ಕಳಿಗೆ ಹೋಗುತ್ತದೆ. ಸೇನೆಯ ಹಿನ್ನೆಲೆ ಇಲ್ಲದ ಮನೆಯವರು ಇದೊಂದನ್ನೇ ನಂಬಿ ಕೂರಬಾರದು. ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯ ಶಾಲೆ ಸಹಭಾಗಿತ್ವದ ಹೊಸ ಸೈನಿಕ ಶಾಲೆಗಳ ಪಟ್ಟಿಗೆ ಸೇರಿದೆ. ಅದರ ಪ್ರವೇಶ ಕ್ರಮವನ್ನು ವಿಜಯಪುರದ ಶಾಲೆಯದಕ್ಕೆ ಹೋಲಿಸದೆ ಪ್ರತ್ಯೇಕವಾಗಿ ಓದಿಕೊಳ್ಳಿ.

ಕಿತ್ತೂರಿನ ಹೆಸರಿನಲ್ಲಿ ಪ್ರತಿ ವರ್ಷ ಗೊಂದಲ ಆಗುತ್ತದೆ. 1969ರಲ್ಲಿ ಕಿತ್ತೂರಿನಲ್ಲಿ ಆರಂಭವಾದ ರಾಣಿ ಚೆನ್ನಮ್ಮ ಬಾಲಕಿಯರ ಸೈನಿಕ ವಸತಿ ಶಾಲೆ ಇರುವುದು ಒಂದೇ, ಅದಕ್ಕೆ ಶುಲ್ಕವಿದೆ, ಅದರದೇ ಪ್ರವೇಶ ಪರೀಕ್ಷೆಯಿದೆ. ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ ಎಂಬ ಹೆಸರಿನವು ಮೊರಾರ್ಜಿ ಶಾಲೆಗಳ ಹಾಗೆ ರಾಜ್ಯ ಸರ್ಕಾರದ ಉಚಿತ ಶಾಲೆಗಳು, ಹಲವು ತಾಲೂಕುಗಳಲ್ಲಿವೆ. ಆದರ್ಶ ವಿದ್ಯಾಲಯವನ್ನೂ ಇದೇ ಗುಂಪಿನಲ್ಲಿ ಹೇಳುತ್ತಾರೆ, ಅದು ವಸತಿ ಶಾಲೆಯೇ ಅಲ್ಲ, ಮನೆಯಿಂದ ಹೋಗಿ ಬರುವ ಇಂಗ್ಲಿಷ್ ಮಾಧ್ಯಮದ ಶಾಲೆ.

ನವೋದಯದಲ್ಲಿ ಊಟ, ವಸತಿ, ಪುಸ್ತಕ, ಸಮವಸ್ತ್ರ ಉಚಿತ. ಒಂಬತ್ತನೇ ತರಗತಿಯಿಂದ ತಿಂಗಳಿಗೆ 600 ರೂಪಾಯಿ ವಿಕಾಸ ನಿಧಿ ಕಟ್ಟಬೇಕು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಡತನ ರೇಖೆಯ ಕೆಳಗಿನ ಕುಟುಂಬದವರಿಗೆ ಅದೂ ಇಲ್ಲ. ಸರ್ಕಾರಿ ನೌಕರರ ಮಕ್ಕಳಿಗೆ ದರ ಹೆಚ್ಚು. ಶೇ 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹುಡುಗಿಯರಿಗೆ. ಇಲ್ಲಿ ಪೋಷಕರು ಮೊದಲೇ ತಿಳಿದಿರಬೇಕಾದ ಸಂಗತಿ ವಲಸೆ ಯೋಜನೆಯದು. ಒಂಬತ್ತನೇ ತರಗತಿಯ ಸುಮಾರು ಶೇ 30ರಷ್ಟು ಮಕ್ಕಳನ್ನು ಒಂದು ವರ್ಷ ಹಿಂದಿ ನಾಡಿನ ನವೋದಯಕ್ಕೆ ಕಳಿಸುತ್ತಾರೆ, ಅಲ್ಲಿಯ ಮಕ್ಕಳು ಇಲ್ಲಿಗೆ ಬರುತ್ತಾರೆ. ಹದಿನಾಲ್ಕರ ಮಗುವನ್ನು ಎರಡು ದಿನದ ರೈಲು ಪ್ರಯಾಣದ ದೂರಕ್ಕೆ ಕಳಿಸಲು ಮನಸ್ಸು ಒಪ್ಪುತ್ತದೆಯೇ ಎಂದು ಆರನೇ ತರಗತಿಗೆ ಸೇರಿಸುವಾಗಲೇ ಮನೆಯಲ್ಲಿ ಕೂತು ಮಾತಾಡಿ. ಆ ವರ್ಷ ಗಟ್ಟಿಯಾಗಿ ದಾಟಿದ ಮಕ್ಕಳಿಗೆ ಹಿಂದಿ ಜೀವನಪೂರ್ತಿ ಕೈಹಿಡಿಯುತ್ತದೆ.

ಮಗುವಿಗೆ ಮೈಯಾಟ, ಶಿಸ್ತು, ಗುಂಪಿನಲ್ಲಿ ಓಡಾಡುವುದು ಖುಷಿಯಾದರೆ ಸೈನಿಕ ಶಾಲೆ. ಮಗು ಓದುಬರಹದಲ್ಲಿ ಮುಳುಗುವ ಸ್ವಭಾವದ್ದು, ಮನೆಯ ಆದಾಯವೂ ಅಷ್ಟಕ್ಕಷ್ಟೇ ಎಂದರೆ ನವೋದಯ. ನಮ್ಮ ತೀರ್ಮಾನ ಇಷ್ಟು ಸರಳ. ಮೊರಾರ್ಜಿ ಮತ್ತು ಚೆನ್ನಮ್ಮ ವಸತಿ ಶಾಲೆಗಳಲ್ಲಿ ಒಂದು ತಾಲೂಕಿನದಕ್ಕೂ ಇನ್ನೊಂದು ತಾಲೂಕಿನದಕ್ಕೂ ಬಹಳ ಅಂತರವಿರುತ್ತದೆ, ನೋಡಿಯೇ ಆರಿಸಬೇಕು. ಖಾಸಗಿ ಶಾಲೆಯ ಹೆಸರಿನಲ್ಲಿ ಬರೀ ‘ಸೈನಿಕ’ ಎಂಬ ಪದ ಇದ್ದರೆ ಮೋಸ ಹೋಗಬೇಡಿ. ಸೈನಿಕ ಶಾಲೆಗಳ ಸೊಸೈಟಿಯ ಪಟ್ಟಿಯಲ್ಲಿ ಅದರ ಹೆಸರಿದೆಯೇ, ಸಿಬಿಎಸ್ಇ ಮಾನ್ಯತಾ ಸಂಖ್ಯೆ ಚಾಲ್ತಿಯಲ್ಲಿದೆಯೇ ಎಂದು ಎರಡನ್ನೂ ಪರಿಶೀಲಿಸಿ.

ಸೀಟು ಕೈತಪ್ಪುವುದು ಕಾಗದಪತ್ರದಲ್ಲಿ

ಅಂಕ ಬಂದರೂ ದಾಖಲೆ ಸರಿಯಿಲ್ಲದೆ ಸೀಟು ಕಳೆದುಕೊಳ್ಳುವ ಮಕ್ಕಳು ನಮ್ಮ ಭಾಗದಲ್ಲಿ ಕಡಿಮೆಯಿಲ್ಲ. ಕಾರಣಗಳು ಮೂರ್ನಾಲ್ಕೇ.

ಮೊದಲನೆಯದು ನವೋದಯದ ಗ್ರಾಮೀಣ ಕೋಟಾ. ಮಗು ಮೂರು, ನಾಲ್ಕು, ಐದನೇ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಕೋಚಿಂಗ್‌ಗೆಂದು ವಿಜಯಪುರ ನಗರಕ್ಕೆ ಕರೆತಂದು ಅಲ್ಲಿಯ ಶಾಲೆಗೆ ದಾಖಲಾತಿ ವರ್ಗಾಯಿಸಿದರೆ ಆ ಮಗು ನಗರದ ಲೆಕ್ಕಕ್ಕೆ ಬೀಳುತ್ತದೆ, ಶೇ 75ರ ಬಾಗಿಲು ಮುಚ್ಚುತ್ತದೆ. ಎರಡನೆಯದು ಜಿಲ್ಲೆ. ಐದನೇ ತರಗತಿ ಓದುತ್ತಿರುವ ಜಿಲ್ಲೆಯ ನವೋದಯಕ್ಕೆ ಮಾತ್ರ ಅರ್ಜಿ ಹಾಕಲು ಬರುತ್ತದೆ, ಆ ಜಿಲ್ಲೆಯ ನಿವಾಸಿಯೂ ಆಗಿರಬೇಕು. ಜಮಖಂಡಿಯ ಮಗುವಿನ ಟಿಸಿಯನ್ನು ವಿಜಯಪುರಕ್ಕೆ ತಂದರೆ ಬಾಗಲಕೋಟೆಯ ಸೀಟಿಗೂ ಅರ್ಹತೆ ಹೋಗುತ್ತದೆ, ವಿಜಯಪುರದ ಸೀಟಿಗೂ ತೊಡಕು ಬರುತ್ತದೆ.

ಮೂರನೆಯದು ಜಾತಿ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಕೊಡುವ 2ಎ, 3ಬಿ ಪತ್ರ ರಾಜ್ಯದ ಶಾಲೆಗಳಿಗೆ ಸಾಕು. ಸೈನಿಕ ಶಾಲೆಗೂ ನವೋದಯಕ್ಕೂ ಕೇಂದ್ರದ ಒಬಿಸಿ ಪಟ್ಟಿಯೇ ಆಧಾರ. ನಿಮ್ಮ ಜಾತಿ, ಉಪಜಾತಿ ಆ ಪಟ್ಟಿಯಲ್ಲಿ ಅದೇ ಹೆಸರಿನಿಂದ ಇದೆಯೇ ನೋಡಿ, ಕೆನೆಪದರಕ್ಕೆ ಸೇರಿಲ್ಲವೆಂಬ ಕೇಂದ್ರದ ನಮೂನೆಯ ಪತ್ರವನ್ನೇ ಕೇಳಿ ಪಡೆಯಿರಿ. ಅರ್ಜಿ ಕರೆಯುವ ಮೊದಲೇ ಮಾಡಿಸಿಡಿ, ಕೊನೆಯ ವಾರದಲ್ಲಿ ಸರ್ವರ್ ಕೆಟ್ಟರೆ ಯಾರೂ ಏನೂ ಮಾಡಲಾಗದು. ಕೊನೆಯದಾಗಿ ಹೆಸರು. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲಾತಿ ಮೂರರಲ್ಲೂ ಹೆಸರು, ಅಡ್ಡಹೆಸರು, ಹುಟ್ಟಿದ ದಿನ ಒಂದೇ ಇರಲಿ. ಒಂದರಲ್ಲಿ ಮನೆತನದ ಹೆಸರು, ಇನ್ನೊಂದರಲ್ಲಿ ಬರೀ ಇನಿಷಿಯಲ್ ಇರುವುದು ನಮ್ಮ ಕಡೆ ಸಾಮಾನ್ಯ. ನಾಲ್ಕನೇ ತರಗತಿಯಲ್ಲೇ ತಿದ್ದಿಸಿ.

ವಯಸ್ಸು: ಸೈನಿಕ ಶಾಲೆಯ ಆರನೇ ತರಗತಿಗೆ ಪ್ರವೇಶದ ವರ್ಷದ ಮಾರ್ಚ್ 31ಕ್ಕೆ 10ರಿಂದ 12 ವರ್ಷ, ಒಂಬತ್ತಕ್ಕೆ 13ರಿಂದ 15. ನವೋದಯವನ್ನು ಐದನೇ ತರಗತಿಯಲ್ಲಿ ಒಂದೇ ಸಲ ಬರೆಯಬಹುದು. ಸೈನಿಕ ಪರೀಕ್ಷೆಯನ್ನು ವಯಸ್ಸಿನ ಮಿತಿಯೊಳಗೆ ಇನ್ನೊಮ್ಮೆ ಬರೆಯಲು ಅವಕಾಶವಿದೆ. ಅರ್ಜಿಯ ದಿನಾಂಕಗಳು ವರ್ಷದಿಂದ ವರ್ಷಕ್ಕೆ ಸರಿಯುತ್ತವೆ. ಜೂನ್‌ನಿಂದಲೇ ವಾರಕ್ಕೊಮ್ಮೆ ಅಧಿಕೃತ ಜಾಲತಾಣ ನೋಡಿ, ವಾಟ್ಸಾಪ್ ಸುದ್ದಿ ನಂಬಬೇಡಿ.

ಪರೀಕ್ಷೆ, ವೈದ್ಯಕೀಯ ತಪಾಸಣೆ

ಸೈನಿಕ ಶಾಲೆಯ ಆರನೇ ತರಗತಿಯ ಪರೀಕ್ಷೆಯಲ್ಲಿ 125 ಪ್ರಶ್ನೆ, 300 ಅಂಕ, 150 ನಿಮಿಷ. ಅದರಲ್ಲಿ ಗಣಿತದ 50 ಪ್ರಶ್ನೆಗಳಿಗೇ 150 ಅಂಕ. ಭಾಷೆ, ಬುದ್ಧಿಶಕ್ತಿ, ಸಾಮಾನ್ಯ ಜ್ಞಾನ ಮೂರಕ್ಕೂ ತಲಾ 50. ಕನ್ನಡದಲ್ಲೇ ಬರೆಯಬಹುದು. ಒಂಬತ್ತನೇ ತರಗತಿಗೆ ಇಂಗ್ಲಿಷ್ ಒಂದೇ ಮಾಧ್ಯಮ, 400ರಲ್ಲಿ 200 ಅಂಕ ಗಣಿತದ್ದು. ನವೋದಯದ್ದು ಎರಡು ಗಂಟೆ, 80 ಪ್ರಶ್ನೆ, 100 ಅಂಕ, ಅದರಲ್ಲಿ ಮಾನಸಿಕ ಸಾಮರ್ಥ್ಯಕ್ಕೇ 50. ಎರಡರಲ್ಲೂ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡದಂತೆ ಮಗುವಿಗೆ ರೂಢಿ ಮಾಡಿಸಿ. ಉತ್ತರದ ವೃತ್ತ ತುಂಬುವ ಓಎಂಆರ್ ಹಾಳೆಯಲ್ಲಿ ಒಂದು ಸಾಲು ತಪ್ಪಿದರೆ ಮುಂದಿನ ಇಪ್ಪತ್ತು ಉತ್ತರಗಳೂ ತಪ್ಪುತ್ತವೆ. ಐದೈದು ಪ್ರಶ್ನೆಗೊಮ್ಮೆ ಪ್ರಶ್ನೆಯ ಸಂಖ್ಯೆ, ಹಾಳೆಯ ಸಂಖ್ಯೆ ಎರಡನ್ನೂ ಬೆರಳಿಟ್ಟು ನೋಡುವ ಅಭ್ಯಾಸ ಮಾಡಿಸಿ.

ಒಂಬತ್ತು ವರ್ಷದ ಮಗುವನ್ನು ವರ್ಷವಿಡೀ ಕೋಚಿಂಗ್ ಹಾಸ್ಟೆಲಿನಲ್ಲಿ ಬಿಡುವುದನ್ನು ನಾವು ಒಪ್ಪುವುದಿಲ್ಲ. ದಿನಕ್ಕೆ ಒಂದೂವರೆ ಗಂಟೆಯಂತೆ ಎಂಟು ತಿಂಗಳು ಮನೆಯಲ್ಲಿ ಕೂರಿಸಿದರೆ ಅಷ್ಟೇ ಗಣಿತ ಆಗುತ್ತದೆ. ಹಗಲೂ ರಾತ್ರಿ ಮಾದರಿ ಪ್ರಶ್ನೆಪತ್ರಿಕೆ ಬಿಡಿಸಿದ ಮಗು ಸೀಟು ಸಿಕ್ಕ ಮೇಲೆ ಪುಸ್ತಕ ಕಂಡರೆ ಬೇಸರಪಡುತ್ತದೆ, ಆರನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅದು ಕಣ್ಣಿಗೆ ಬೀಳುತ್ತದೆ.

ಸೈನಿಕ ಶಾಲೆಯ ವೈದ್ಯಕೀಯ ತಪಾಸಣೆ ಬಿಗಿಯಾದದ್ದು. ತಯಾರಿ ಶುರು ಮಾಡುವ ಮೊದಲೇ ಕಣ್ಣಿನ ವೈದ್ಯರ ಹತ್ತಿರ ದೃಷ್ಟಿ ಮತ್ತು ಬಣ್ಣ ಗುರುತಿಸುವ ಪರೀಕ್ಷೆ ಮಾಡಿಸಿ. ಬಣ್ಣಗುರುಡು ಇದ್ದರೆ ಸೇನೆಯ ಬಹುತೇಕ ದಾರಿಗಳು ಮುಚ್ಚುತ್ತವೆ, ಎರಡು ವರ್ಷ ಓದಿದ ಮೇಲೆ ಅದು ತಿಳಿದರೆ ಮಗುವಿನ ಮನಸ್ಸು ಒಡೆಯುತ್ತದೆ. ಹುಳುಕು ಹಲ್ಲು, ಕಿವಿಯ ಗುಗ್ಗೆ, ಟಾನ್ಸಿಲ್, ಕಡಿಮೆ ತೂಕ ಇವೆಲ್ಲ ತಿಂಗಳೆರಡು ತಿಂಗಳಲ್ಲಿ ಸರಿಪಡಿಸಬಹುದಾದವು, ತಪಾಸಣೆಯ ಹಿಂದಿನ ದಿನದವರೆಗೆ ಬಿಡಬೇಡಿ.

ಶಾಲೆ ನೋಡಲು ಹೋದಾಗ

ವಾರ್ಷಿಕೋತ್ಸವದ ದಿನ ಹೋಗಬೇಡಿ. ಅನುಮತಿ ಕೇಳಿ ವಾರದ ನಡುವಿನ ಸಂಜೆ ಹೋಗಿ. ಶೌಚಾಲಯ, ಮೆಸ್, ಸಿಕ್ ರೂಮ್ ಮೂರನ್ನೂ ನೋಡಿ. ರಾತ್ರಿ ಹನ್ನೊಂದಕ್ಕೆ ಮಗುವಿಗೆ ಜ್ವರ ಬಂದರೆ ಎಬ್ಬಿಸುವುದು ಯಾರನ್ನು, ವಾಹನ ಯಾವುದು ಎಂದು ಕೇಳಿ. ನವೋದಯವಾದರೆ ವಲಸೆಗೆ ಯಾವ ರಾಜ್ಯದ ಶಾಲೆ ಎಂದು ಕೇಳಿ. ಆರನೇ ತರಗತಿಗೆ ಸೇರಿದವರಲ್ಲಿ ಎಂಟನೆಯದಕ್ಕೆ ಎಷ್ಟು ಮಂದಿ ಉಳಿದರು ಎಂಬ ಪ್ರಶ್ನೆಗೆ ನೇರ ಉತ್ತರ ಕೊಡುವ ಶಾಲೆಯನ್ನು ನಂಬಬಹುದು. ಏಳನೇ ತರಗತಿಯ ಮಗುವೊಂದನ್ನು ಮಾತಾಡಿಸಿ. ವರ್ಷದ ಹಿಂದಷ್ಟೇ ಬಂದವರಿಗೆ ಕಷ್ಟಗಳು ಇನ್ನೂ ನೆನಪಿರುತ್ತವೆ.

ಸೇರುವ ಮುನ್ನಿನ ಎರಡು ತಿಂಗಳು

ಸೀಟು ಸಿಕ್ಕಿತೆಂದು ಆ ಬೇಸಿಗೆ ಪೂರ್ತಿ ಬೀಗರ ಮನೆ, ಜಾತ್ರೆ ಎಂದು ಕಳೆದುಬಿಡುತ್ತಾರೆ. ಈ ಎಂಟು ವಾರದಲ್ಲಿ ಕಲಿತದ್ದು ಮುಂದಿನ ಎಂಟು ತಿಂಗಳು ಕಾಪಾಡುತ್ತದೆ.

ಏಳುವುದು: ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ಸರಿಸುತ್ತ ಬೆಳಗಿನ ಐದೂವರೆಗೆ ತನ್ನಿ. ಮಲಗುವುದನ್ನೂ ಅಷ್ಟೇ ಹಿಂದಕ್ಕೆ ಸರಿಸದಿದ್ದರೆ ಇದು ನಿಲ್ಲುವುದಿಲ್ಲ.

ಬಟ್ಟೆ: ಬಿಳಿ, ಬಣ್ಣದವು ಬೇರೆ ಮಾಡಿ ಸಾಬೂನು ಪುಡಿಯಲ್ಲಿ 20 ನಿಮಿಷ ನೆನೆಸುವುದು, ಕಾಲರ್ ಮತ್ತು ತೋಳಿನ ಅಂಚು ತಿಕ್ಕುವುದು, ಎರಡು ನೀರಲ್ಲಿ ಜಾಲಿಸುವುದು. ಚಡ್ಡಿ, ಬನಿಯನ್, ಸಾಕ್ಸ್ ಬಿಸಿಲಿಗೇ ಒಣಹಾಕುವುದು, ಮಂಚದ ಸರಳಿಗೆ ಅಲ್ಲ. ಬೆಳಗಾವಿ, ಕಿತ್ತೂರು ಕಡೆಯ ಮಳೆಗಾಲದಲ್ಲಿ ಬಟ್ಟೆ ಎರಡು ದಿನ ಒಣಗದು, ಒಳಉಡುಪು ಕನಿಷ್ಠ 8 ಜೊತೆ ಕೊಡಿ. ವಿಜಯಪುರಕ್ಕೆ 6 ಸಾಕು. ಪ್ರತಿಯೊಂದರ ಮೇಲೂ ತೊಳೆದರೂ ಹೋಗದ ಶಾಯಿಯಿಂದ ಹೆಸರು ಬರೆಯಿರಿ, ಸಾಕ್ಸಿನ ಮೇಲೂ. ಶಾಲೆ ನಂಬರ್ ಕೊಟ್ಟ ಮೇಲೆ ಅದನ್ನೂ ಸೇರಿಸಿ. ಟ್ರಂಕಿನ ಬೀಗಕ್ಕೆ ಎರಡು ಕೀಲಿ ಇರಲಿ, ಒಂದು ಮಗುವಿನ ಹತ್ತಿರ, ಇನ್ನೊಂದು ಹಾಸ್ಟೆಲ್ ನೋಡಿಕೊಳ್ಳುವ ಶಿಕ್ಷಕರಾದ ಹೌಸ್‌ಮಾಸ್ಟರ್ ಹತ್ತಿರ. ಗುಂಡಿ ಹಚ್ಚುವುದು, ಬೂಟಿಗೆ ಪಾಲಿಶ್ ಹಾಕುವುದು, ಉಗುರು ಕತ್ತರಿಸಿಕೊಳ್ಳುವುದು ಕೂಡ ತಾನೇ ಮಾಡಲಿ.

ಊಟ: ಜೋಳದ ರೊಟ್ಟಿ, ಪಲ್ಲೆ, ಶೇಂಗಾ ಹಿಂಡಿಗೆ ಒಗ್ಗಿದ ಬಾಯಿಗೆ ಮೆಸ್ಸಿನ ಚಪಾತಿ, ದಾಲ್, ಅನ್ನ ಸಪ್ಪೆ ಅನಿಸುವುದು ಸಹಜ. ಮೇ ತಿಂಗಳಿಡೀ ವಾರಕ್ಕೆ ನಾಲ್ಕು ದಿನ ಅಂಥದೇ ಅಡಿಗೆ ಮಾಡಿ, 20 ನಿಮಿಷದಲ್ಲಿ ಊಟ ಮುಗಿಸುವುದನ್ನೂ ರೂಢಿಸಿ. ಹೊರಗಿನ ತಿಂಡಿಗೆ ಶಾಲೆ ಒಪ್ಪಿದರೆ ಸ್ಟೀಲ್ ಡಬ್ಬಿಯಲ್ಲಿ ಅರ್ಧ ಕೆಜಿ ಚಟ್ನಿಪುಡಿ ಸಾಕು. ಚೀಲಗಟ್ಟಲೆ ಉಂಡಿ, ಚಕ್ಕುಲಿ ಕಳಿಸಿದರೆ ಇರುವೆ ಮತ್ತು ಜಗಳ ಎರಡೂ ಬರುತ್ತವೆ.

ಭಾಷೆ: ಕನ್ನಡ ಮಾಧ್ಯಮದ ಮಗು ಗಣಿತದಲ್ಲಿ ಹಿಂದೆ ಬೀಳುವುದು ಲೆಕ್ಕ ಬಾರದೆ ಅಲ್ಲ, ಪ್ರಶ್ನೆ ಅರ್ಥವಾಗದೆ. ಭಿನ್ನರಾಶಿಗೆ ಫ್ರ್ಯಾಕ್ಷನ್, ಅಂಶಕ್ಕೆ ನ್ಯೂಮರೇಟರ್, ಛೇದಕ್ಕೆ ಡಿನಾಮಿನೇಟರ್, ಲಸಾಅಕ್ಕೆ ಎಲ್‌ಸಿಎಂ, ಸುತ್ತಳತೆಗೆ ಪೆರಿಮೀಟರ್, ಹೀಗೆ ಸುಮಾರು 100 ಪದಗಳ ಪಟ್ಟಿ ಮಾಡಿ ದಿನಕ್ಕೆ ಎರಡೆರಡು ಕಲಿಸಿ. ಎನ್‌ಸಿಇಆರ್‌ಟಿಯ ಐದನೇ ತರಗತಿಯ ಗಣಿತ ಪುಸ್ತಕವನ್ನು ಇಂಗ್ಲಿಷ್‌ನಲ್ಲಿ ಗಟ್ಟಿಯಾಗಿ ಓದಿಸಿ. ಹಿಂದಿ ಅಕ್ಷರಮಾಲೆ ಮತ್ತು ಕಾಗುಣಿತ ಕಲಿಸಿಯೇ ಕಳಿಸಿ. ಮರಾಠಿ ಓದಲು ಬರುವ ಬೆಳಗಾವಿ, ನಿಪ್ಪಾಣಿ ಕಡೆಯ ಮಕ್ಕಳಿಗೆ ಲಿಪಿ ಆಗಲೇ ಗೊತ್ತಿರುತ್ತದೆ, ಅಷ್ಟರಮಟ್ಟಿಗೆ ಅವರಿಗೆ ಹಗುರ.

ಹತ್ತು ಹನ್ನೊಂದರಲ್ಲೂ ಕೆಲವು ಮಕ್ಕಳು ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾರೆ. ಮುಚ್ಚಿಡಬೇಡಿ. ಮೇ ತಿಂಗಳಲ್ಲೇ ವೈದ್ಯರನ್ನು ಕಾಣಿ, ಮೇಟ್ರನ್‌ಗೆ ಒಬ್ಬರಿಗೇ ತಿಳಿಸಿ, ಹಾಸಿಗೆಗೆ ಪ್ಲಾಸ್ಟಿಕ್ ಹೊದಿಕೆ ಕೊಡಿ. ಹೆಣ್ಣುಮಕ್ಕಳಿಗೆ ಮುಟ್ಟಿನ ಬಗ್ಗೆ ಅವ್ವ ಅಥವಾ ಅಕ್ಕ ಮೊದಲೇ ಬಿಡಿಸಿ ಹೇಳಿರಲಿ, ಟ್ರಂಕಿನಲ್ಲಿ ಒಂದು ಪ್ಯಾಡ್ ಪ್ಯಾಕೆಟ್ ಇರಲಿ.

ಮೊದಲ ಆರು ವಾರ

ಬಿಟ್ಟು ಬರುವಾಗ ಬೇಗ ಹೊರಡಿ. ಗೇಟಿನ ಹತ್ತಿರ ಎರಡು ತಾಸು ಅಳುತ್ತ ನಿಂತರೆ ಮಗುವಿಗೆ ಏನೋ ಕೆಟ್ಟದ್ದು ಆಗಲಿದೆ ಎಂಬ ಭಯ ಹುಟ್ಟುತ್ತದೆ. ‘ಸೇರದಿದ್ರ ವಾಪಸ್ ಕರಕೊಂಡ ಬರ್ತೀನಿ’ ಎಂಬ ಮಾತನ್ನು ಆಡಲೇಬೇಡಿ. ಆಡಿದರೆ ಮಗು ಹೊಂದಿಕೊಳ್ಳುವ ಪ್ರಯತ್ನ ಬಿಟ್ಟು ನೀವು ಬರುವ ದಿನ ಎಣಿಸುತ್ತದೆ.

ಮೊದಲ ಎರಡು ಮೂರು ವಾರ ಫೋನಿನಲ್ಲಿ ‘ಅವ್ವಾ, ಮನಿಗಿ ಕರಕೊಂಡ ಹೋಗು’ ಎಂಬ ಮಾತು ಬಂದೇ ಬರುತ್ತದೆ, ಭಾನುವಾರ ಸಂಜೆ ಹೆಚ್ಚು. ಆಗ ಬೈಯುವುದೂ ಬೇಡ, ಅಳುವುದೂ ಬೇಡ. ‘ಹೌದಪ್ಪ, ನೆನಪಾಗ್ತೈತಿ, ನಮಗೂ ಆಗ್ತೈತಿ’ ಎಂದು ಒಪ್ಪಿಕೊಂಡು ಮುಂದಿನ ಮಾತಿಗೆ ಹೋಗಿ. ‘ಹ್ಯಾಂಗದೀ?’ ಎಂದರೆ ‘ಚಲೋ ಅದೀನಿ’ ಎಂಬ ಉತ್ತರ ಬಿಟ್ಟು ಏನೂ ಸಿಗದು. ಅದರ ಬದಲು ‘ಇವತ್ತ ಊಟಕ್ಕ ನಿನ್ನ ಬಾಜೂಕ ಯಾರ ಕುಂತಿದ್ರು?’, ‘ಸಂಜೀಕ ಯಾವ ಆಟ ಆಡಿದಿ?’ ಎಂದು ಕೇಳಿ. ಬಾಜೂಕ ಕೂತವರ ಹೆಸರು ವಾರದಿಂದ ವಾರಕ್ಕೆ ಬರತೊಡಗಿದರೆ ಮಗು ಬೇರೂರುತ್ತಿದೆ ಎಂದು ತಿಳಿಯಿರಿ. ಆರನೇ ವಾರಕ್ಕೂ ಒಂದು ಹೆಸರೂ ಬಾರದಿದ್ದರೆ ಹೌಸ್‌ಮಾಸ್ಟರ್ ಜೊತೆ ಮಾತಾಡಬೇಕು. ಶಾಲೆ ಹೇಳಿದ ಭೇಟಿಯ ದಿನವೇ ಹೋಗಿ, ನಡುವೆ ನುಗ್ಗಬೇಡಿ. ಭೇಟಿ ರದ್ದಾದ ಮಗು ಹಾಸ್ಟೆಲ್‌ನಲ್ಲಿ ಪಡುವ ಸಂಕಟ ದೊಡ್ಡದು, ಬರುತ್ತೇನೆ ಎಂದ ದಿನ ತಪ್ಪಿಸಬೇಡಿ.

ಸೀನಿಯರ್‌ಗಳ ಬಟ್ಟೆ ಒಗೆಸುವುದು, ಹೊಡೆಯುವುದು, ತಿಂಡಿ ಕಸಿಯುವುದು ಇವನ್ನು ‘ಗಟ್ಟಿಯಾಗಲಿ ಬಿಡಿ’ ಎಂದು ಸಹಿಸಬೇಕಾಗಿಲ್ಲ. ಹಠಾತ್ತನೆ ಅಂಕ ಕುಸಿಯುವುದು, ವಸ್ತುಗಳು ಪದೇ ಪದೇ ಕಳೆಯುವುದು, ರಜೆ ಮುಗಿದು ಹೊರಡುವ ದಿನ ಹೊಟ್ಟೆನೋವು ಬರುವುದು ಇದರ ಸೂಚನೆಗಳು. ದಿನ, ಸ್ಥಳ, ಹೆಸರು ಬರೆದು ಹೌಸ್‌ಮಾಸ್ಟರ್‌ಗೆ, ಆಮೇಲೆ ಪ್ರಾಂಶುಪಾಲರಿಗೆ ಲಿಖಿತವಾಗಿ ಕೊಡಿ. ಶಿಕ್ಷಕರು ಹೊಡೆಯುವುದಕ್ಕೂ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ನಿಷೇಧವಿದೆ. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಮಗುವಿಗೆ ಬಾಯಿಪಾಠ ಮಾಡಿಸಿ. ಮೈಮೇಲೆ ಕೆಟ್ಟ ಸ್ಪರ್ಶದ ಮಾತು ಬಂದರೆ ಶಾಲೆಯ ಉತ್ತರಕ್ಕೆ ಕಾಯದೆ ಪೊಲೀಸರಿಗೆ ತಿಳಿಸಬೇಕು.

ಚರ್ಮದ ತೊಂದರೆ ಹಾಸ್ಟೆಲ್‌ನಲ್ಲಿ ಬಹಳ. ತುರಿಕಜ್ಜಿ ಹತ್ತಿದರೆ ಒಬ್ಬರಿಗೆ ಮದ್ದು ಹಚ್ಚಿ ಪ್ರಯೋಜನವಿಲ್ಲ, ಇಡೀ ಡಾರ್ಮಿಟರಿಗೆ ಒಂದೇ ದಿನ ಹಚ್ಚಬೇಕು. ಮಗು ರಜೆಗೆ ಬಂದಾಗ ತಂದಿದ್ದರೆ ಮನೆಯವರೆಲ್ಲರೂ ಅದೇ ರಾತ್ರಿ ಹಚ್ಚಿಕೊಳ್ಳಬೇಕು. ಗಜಕರ್ಣಕ್ಕೆ ಮೆಡಿಕಲ್ ಶಾಪಿನವರು ಕೊಡುವ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಎರಡು ದಿನ ತುರಿಕೆ ನಿಂತಂತಾಗಿ ಆಮೇಲೆ ದುಪ್ಪಟ್ಟು ಹರಡುತ್ತದೆ. ಚರ್ಮದ ವೈದ್ಯರಿಗೇ ತೋರಿಸಿ.

ಓದಿನಲ್ಲಿ ನಿಲ್ಲುವುದು

ಊರಿನ ಶಾಲೆಯಲ್ಲಿ ಮೊದಲಿಗನಾಗಿದ್ದ ಮಗು ಇಲ್ಲಿ ಮೊದಲ ಪರೀಕ್ಷೆಯಲ್ಲಿ ಇಪ್ಪತ್ತೈದನೆಯವನಾಗುವುದು ಮಾಮೂಲು, ಏಕೆಂದರೆ ಬಂದವರೆಲ್ಲರೂ ತಮ್ಮ ಊರಿನ ಮೊದಲಿಗರೇ. ಇದನ್ನು ಮೊದಲೇ ಹೇಳಿ ಕಳಿಸಿದರೆ ಆಘಾತ ಕಡಿಮೆ. ಪ್ರೆಪ್ ಹೊತ್ತಿನಲ್ಲಿ ಮೊದಲ ಅರ್ಧ ಗಂಟೆ ಅವತ್ತು ಕ್ಲಾಸಿನಲ್ಲಿ ತಿಳಿಯದ್ದನ್ನೇ ನೋಡಬೇಕು, ಉಳಿದದ್ದು ಆಮೇಲೆ. ತಪ್ಪಾದ ಲೆಕ್ಕಗಳಿಗೊಂದು ಬೇರೆ ನೋಟ್‌ಬುಕ್ ಇಟ್ಟು, ಶನಿವಾರ ಅವನ್ನೇ ಮತ್ತೆ ಬಿಡಿಸಿದರೆ ಆರನೇ ತರಗತಿಯ ಕೊನೆಗೆ ಅಂತರ ತುಂಬುತ್ತದೆ. ಒಂದು ಆಟ, ಅದರ ಜೊತೆ ಚರ್ಚೆಯೋ ಸಂಗೀತವೋ ಒಂದು, ಇಷ್ಟನ್ನು ಗಟ್ಟಿಯಾಗಿ ಹಿಡಿಯಲಿ. ತಿಂಗಳಿಗೆ ಎರಡು ಸಲ ಮನೆಗೆ ಕನ್ನಡದಲ್ಲಿ ಕಾಗದ ಬರೆಯಲಿ, ವಿಳಾಸ ಬರೆದ ಅಂಚೆ ಕಾರ್ಡುಗಳನ್ನು ನೀವೇ ಟ್ರಂಕಿನಲ್ಲಿ ಇಟ್ಟಿರಿ.

ಎನ್‌ಡಿಎ ಸಿಗದಿದ್ದರೆ ಏನು ಎಂಬ ಪ್ರಶ್ನೆ ಹನ್ನೊಂದನೇ ತರಗತಿಯವರೆಗೆ ಕಾಯಬಾರದು. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸಿನ ನಡುವೆ ಸಿಗುವ ಪ್ರಯತ್ನಗಳು ಕೆಲವೇ. ಹೀಗಾಗಿ ಒಂಬತ್ತರಿಂದಲೇ ಗಣಿತ ವಿಜ್ಞಾನ ಗಟ್ಟಿಯಾಗಿದ್ದರೆ ಎಂಜಿನಿಯರಿಂಗ್ ದಾರಿಯೂ ತೆರೆದಿರುತ್ತದೆ.

ಎಲ್ಲ ಮಾಡಿಯೂ ಕೆಲವು ಮಕ್ಕಳಿಗೆ ಹಾಸ್ಟೆಲ್ ಒಗ್ಗುವುದಿಲ್ಲ. ಕನಿಷ್ಠ ಒಂದು ಪೂರ್ತಿ ವರ್ಷ ಕೊಟ್ಟು ನೋಡಿ, ಆಗಲೂ ತೂಕ ಇಳಿಯುತ್ತಿದ್ದರೆ, ಮಾತು ಕಡಿಮೆಯಾಗುತ್ತಿದ್ದರೆ ಮರಳಿ ಕರೆತರುವುದೇ ಸರಿ. ಆ ನಿರ್ಧಾರವನ್ನು ಎಂಟನೇ ತರಗತಿ ಮುಗಿಯುವುದರೊಳಗೆ ಮಾಡಿ. ಒಂಬತ್ತರಲ್ಲಿ ಸಿಬಿಎಸ್ಇ ನೋಂದಣಿ ಆಗಿಬಿಟ್ಟರೆ ಹತ್ತರ ನಡುವೆ ರಾಜ್ಯ ಪಠ್ಯಕ್ರಮಕ್ಕೆ ಬದಲಿಸುವುದು ಬಹಳ ಕಷ್ಟ. ಏಪ್ರಿಲ್‌ನಲ್ಲೇ ಟಿಸಿಗೆ ಅರ್ಜಿ ಕೊಡಿ, ಬಾಕಿ ಶುಲ್ಕ ಮುಗಿಸಿ, ಠೇವಣಿ ವಾಪಸು ಪಡೆಯಲು ಕಟ್ಟಿದಾಗ ಕೊಟ್ಟ ರಸೀದಿಯ ಮೂಲಪ್ರತಿ ಕೇಳುತ್ತಾರೆ, ಅದನ್ನು ಸೇರಿಸಿದ ದಿನದಿಂದಲೇ ಜೋಪಾನವಾಗಿ ಇಟ್ಟಿರಿ.